ಗೆದ್ದೇ ಗೆಲ್ಲುವ ಬ್ರೀಜ್

ಟಾಮ್ ಫಿನನ್ ಸತ್ತ ಮನೆಯಲ್ಲಿ ಬ್ರೀಜ್ ಗಿಲ್ಮಾರ್ಟಿನ್ ಕಿವಿಗೆ ಆ ಮಾತು ಮೊದಲ ಸಲ ಬಿತ್ತು.

ನಮ್ಮ ಕಡೆ ರಾಜಕೀಯ ಮಾಡುವವರು ಮದುವೆ ತಪ್ಪಿಸಿಯಾರು, ಸಾವು ತಪ್ಪಿಸುವಂತಿಲ್ಲ. ಫೆಬ್ರವರಿಯ ಆಲಿಕಲ್ಲು ಮುಖಕ್ಕೆ ರಾಚುತ್ತಿದ್ದರೂ ಹೆಣ ನೋಡಲು ಬಂದವರ ಸಾಲು ಅಂಗಳ ದಾಟಿ ಕುರಿದೊಡ್ಡಿಯವರೆಗೆ ಬೆಳೆದಿತ್ತು. ಒಳಗೆ ಟಾಮ್ ತನ್ನ ಒಳ್ಳೆಯ ಸೂಟು ತೊಟ್ಟು, ಬೆರಳಿಗೆ ಜಪಮಣಿ ಸುತ್ತಿಕೊಂಡು, ಬದುಕಿದ್ದಾಗ ಎಂದೂ ಇಲ್ಲದಷ್ಟು ಸಭ್ಯನಾಗಿ ಮಲಗಿದ್ದ. ಬ್ರೀಜ್ ಮನೆಯವರ ಕೈಗಳನ್ನು ಒಂದೊಂದಾಗಿ ಕುಲುಕುತ್ತಾ ವಿಧವೆಯ ಹತ್ತಿರ ಬಂದಳು. ವಿಧವೆ ಕೈ ಬಿಡಲೇ ಇಲ್ಲ.

"ಈ ಚುನಾವಣೆ ಗಡಿಬಿಡೀಲೂ ಬಂದ್ಯಲ್ಲೇ ತಾಯಿ. ನಿಂಗೇನು ಬಿಡು, ನೀನು ಗೆದ್ದೇ ಗೆಲ್ತೀಯ. ಆ ಹುಡುಗ ಡೆಕ್ಲನ್‌ದೇ ಕಷ್ಟವಂತೆ, ಪಾಪ. ಅವನಿಗೆ ಒಂದು, ನಿಂಗೆ ಎರಡು ಅಂತ ನಾವೆಲ್ಲ ಮಾತಾಡ್ಕೊಂಡಿದೀವಿ."

ನಮ್ಮಲ್ಲಿ ಮತದ ಕಾಗದದಲ್ಲಿ ಹುರಿಯಾಳುಗಳ ಹೆಸರಿನ ಮುಂದೆ ಒಂದು, ಎರಡು ಎಂದು ಇಷ್ಟದ ಕ್ರಮದಲ್ಲಿ ನಂಬರು ಬರೆಯಬೇಕು; ಮೊದಲು ಎಣಿಸುವುದು ಒಂದನ್ನೇ. ಹೆಣದ ಎದುರು ವಾದ ಮಾಡುವುದಕ್ಕಾಗುತ್ತದೆಯೇ? ಬ್ರೀಜ್ ತಲೆದೂಗಿ ಅಡುಗೆಮನೆಗೆ ಹೋದಳು. ಅಲ್ಲಿ ಚಹಾ ಹಂಚುತ್ತಿದ್ದ ಸೊಸೆಯೂ ಅದನ್ನೇ ಹೇಳಿದಳು. ಹಂದಿಮಾಂಸದ ಸ್ಯಾಂಡ್‌ವಿಚ್ ಕೈಗಿಡುತ್ತಾ ಪಕ್ಕದ ಮನೆಯವನೂ ಅದನ್ನೇ ಹೇಳಿದ. ಮೂವರ ಬಾಯಲ್ಲೂ ಒಂದೇ ಮಾತು ಬಂದರೆ ಅದು ಅವರ ಮಾತಲ್ಲ, ಯಾರೋ ಇಟ್ಟ ಮಾತು. ಹದಿನಾಲ್ಕು ವರ್ಷ ಪಕ್ಷೇತರಳಾಗಿ ಬದುಕಿದವಳಿಗೆ ಅಷ್ಟೂ ತಿಳಿಯದೆ ಇರುತ್ತದೆಯೇ?

ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ಪ್ಯಾಟ್ ಜೋ ಅವಳ ಮುಖ ನೋಡಿಯೇ ಕೇಳಿದ, "ಏನಾಯ್ತು? ಟಾಮ್ ಎದ್ದು ಕೂತ್ನಾ?"

"ಕೂತಿದ್ರೆ ಅವನೂ ನಂಗೆ ಎರಡನೇ ನಂಬರೇ ಕೊಡ್ತಿದ್ದ," ಅಂದಳು ಬ್ರೀಜ್.

ಪ್ಯಾಟ್ ಜೋ ಅವಳ ತಂಗಿಯ ಗಂಡ. ಅವಳ ಚುನಾವಣೆ ನಡೆಸುವವನೂ ಅವನೇ, ಕಾರು ಓಡಿಸುವವನೂ ಅವನೇ, ಯಾವ ಊರಲ್ಲಿ ಯಾರು ಸತ್ತರೆಂದು ಬೆಳಿಗ್ಗೆ ರೇಡಿಯೋ ಕೇಳಿ ಹೇಳುವವನೂ ಅವನೇ. ಎರಡು ವರ್ಷದ ಹಿಂದೆ ಎದೆ ಹಿಡಿದುಕೊಂಡು ಹಟ್ಟಿಯಲ್ಲಿ ಬಿದ್ದವನನ್ನು ಕಿಲ್‌ಡ್ರಿನ್ ಆಸ್ಪತ್ರೆಯ ತುರ್ತು ಬಾಗಿಲಿನಿಂದ ಒಳಗೆ ತಳ್ಳಿ ಉಳಿಸಿಕೊಂಡಿದ್ದರು. ಅಲ್ಲಿಂದ ಮುಂದಿನ ದೊಡ್ಡಾಸ್ಪತ್ರೆ ಗಾಲ್ವೇಯಲ್ಲಿದೆ. ಆ ದಾರಿ ಸವೆಸಿದ್ದರೆ ಹೆಣವೇ ತಲುಪುತ್ತಿತ್ತು ಎಂದು ಡಾಕ್ಟರೇ ಹೇಳಿದ್ದರು.

ಆ ಬಾಗಿಲಿಗಾಗಿಯೇ ಈ ಚುನಾವಣೆ ಬಂದದ್ದು.

ಬ್ರೀಜ್ ಮೊದಲು ಕಿಲ್‌ಡ್ರಿನ್ ಪೇಟೆಬೀದಿಯಲ್ಲಿ ಹೆಂಗಸರ ತಲೆಗೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಳು. ಅಪ್ಪ ಹುಟ್ಟಿನಿಂದಲೇ ಒಂದು ಪಕ್ಷಕ್ಕೆ ಅಂಟಿಕೊಂಡವನು. ಮನೆಯ ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಅದರ ಮುಂದೆ ಕೆಂಪು ದೀಪ, ಪಕ್ಕದಲ್ಲೇ ಪಕ್ಷದ ನಾಯಕನ ಪಟ. ಕೆಂಪು ದೀಪ ಯೇಸುವಿಗೋ ನಾಯಕನಿಗೋ ಎಂದು ಅಮ್ಮ ಗೇಲಿ ಮಾಡುತ್ತಿದ್ದಳು. ಆ ಪಕ್ಷದಿಂದಲೇ ಬ್ರೀಜ್ ಜಿಲ್ಲಾ ಸಭೆಗೆ ಆರಿಸಿಬಂದಳು. ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚುವ ಮಾತು ಬಂದಾಗ ಪಕ್ಷ ಕೈ ಎತ್ತು ಎಂದಿತು. ಅವಳು ಎತ್ತಲಿಲ್ಲ. ಪಕ್ಷ ಅವಳನ್ನು ಹೊರಗೆ ಹಾಕಿತು. ಅಪ್ಪ ಮೂರನೆಯ ದಿನ ನಾಯಕನ ಪಟ ಇಳಿಸಿ ಮಂಚದ ಕೆಳಗೆ ತಳ್ಳಿದ. ಒಡೆದು ಹಾಕಲಿಲ್ಲ, ಅಷ್ಟು ಧೈರ್ಯ ಅವನಿಗೂ ಇರಲಿಲ್ಲ. ಹೆರಿಗೆ ವಾರ್ಡು ಉಳಿಯಲಿಲ್ಲ. ಆದರೆ ಆ ಸಿಟ್ಟಿನಲ್ಲಿ ಜನ ಬ್ರೀಜ್‌ಳನ್ನು ಡಬ್ಲಿನ್ನಿನ ಸಂಸತ್ತಿಗೇ ಕಳಿಸಿದರು.

ಪಕ್ಷೇತರಳ ಬಾಳು ಏನೆಂದು ಪಕ್ಷದವರಿಗೆ ಗೊತ್ತಾಗುವುದಿಲ್ಲ. ಹಿಂದೆ ನಿಲ್ಲುವವರಿಲ್ಲ, ಬೈಗುಳ ಹಂಚಿಕೊಳ್ಳುವವರಿಲ್ಲ. ಯಾರ ಸೊಂಟದ ಆಪರೇಷನ್ ನಿಂತುಹೋಗಿದೆ, ಯಾರ ಮನೆಗೆ ಹೋಗುವ ರಸ್ತೆ ಕುಸಿದಿದೆ, ಎಲ್ಲಕ್ಕೂ ಅವಳೇ. ಡಬ್ಲಿನ್ನಿನ ಪತ್ರಿಕೆಗಳು ಅವಳನ್ನು ಬಾವಿಕಟ್ಟೆಯ ರಾಜಕಾರಣಿ ಎಂದು ಹಂಗಿಸುತ್ತಿದ್ದವು. ಬಾವಿಕಟ್ಟೆಯಲ್ಲಿ ನೀರು ಸೇದುವವರ ಸಂಕಟ ನಲ್ಲಿ ತಿರುಗಿಸುವವರಿಗೆ ಹೇಗೆ ತಿಳಿಯಬೇಕು?

ಈ ಸಲದ ಸರ್ಕಾರ ಒಂದೇ ಒಂದು ಮತದ ಮೇಲೆ ನೇತಾಡುತ್ತಿತ್ತು. ಆ ಮತ ಬ್ರೀಜ್‌ಳದ್ದು. ಅಷ್ಟು ದಿನ ಅವಳ ಫೋನು ಎತ್ತದ ಮಂತ್ರಿಗಳು ಅವಳ ಅಡುಗೆಮನೆಯಲ್ಲಿ ಬಂದು ಕೂತರು. ಕಿರಿಯ ಮಂತ್ರಿ ಪದವಿ ಬೇಕೇ? ಊರಿಗೆ ಈಜುಕೊಳ ಬೇಕೇ? ಅವಳು ಕೇಳಿದ್ದು ಒಂದನ್ನೇ: ಕಿಲ್‌ಡ್ರಿನ್ ಆಸ್ಪತ್ರೆಯ ತುರ್ತು ವಿಭಾಗವನ್ನು ರಾತ್ರಿ ಮುಚ್ಚಬಾರದು, ಹಾಗೆಂದು ಸಂಸತ್ತಿನಲ್ಲಿ ಎದ್ದು ನಿಂತು ಹೇಳಬೇಕು. "ಮುಚ್ಚಲ್ಲ ಬಿಡಿ, ಆದ್ರೆ ಹೇಳೋದೆಲ್ಲ ಯಾಕೆ?" ಎಂದರು. ಹೇಳಲಾಗದ ಮಾತನ್ನು ಉಳಿಸಿಕೊಳ್ಳುವರೇ? ಬ್ರೀಜ್ ವಿರುದ್ಧ ಮತ ಹಾಕಿದಳು. ಸರ್ಕಾರ ಮಕಾಡೆ ಮಲಗಿತು.

ಅವಳು ಊರಿಗೆ ಮರಳಿದ ದಿನ ನಾಲ್ಕು ದಾರಿ ಕೂಡುವಲ್ಲಿ ಜನ ಸಂಭ್ರಮಕ್ಕೆ ದೊಡ್ಡ ಬೆಂಕಿ ಹಾಕಿದ್ದರು. ಹಳೇ ಟೈರು, ಮುರಿದ ಕುರ್ಚಿ, ಒಂದು ಮಂಚ ಕೂಡ. ಅವಳನ್ನು ಹೆಗಲ ಮೇಲೆ ಹೊತ್ತು ಕುಣಿದರು. "ಇನ್ನು ನಮ್ಮ ಬ್ರೀಜ್‌ನ ಅಲ್ಲಾಡಿಸೋ ಗಂಡು ಯಾವನಿದಾನೆ?" ಎಂದು ಕೂಗಿದರು. ಅವಳ ಕಷ್ಟ ಹುಟ್ಟಿದ್ದು ಆ ಬೆಂಕಿಯಲ್ಲೇ. ಇವಳು ಗೆದ್ದಾಯಿತು ಎಂದು ಜನ ಅಂದೇ ತೀರ್ಮಾನ ಮಾಡಿಬಿಟ್ಟರು.

ಆ ತೀರ್ಮಾನವನ್ನು ಎತ್ತಿಕೊಂಡು ಊರೂರು ಹಂಚಿದವನು ಗೇಬ್ರಿಯಲ್ ನೀಲನ್. ವೃತ್ತಿಯಲ್ಲಿ ಹೊಲ ಮನೆ ಹರಾಜು ಹಾಕುವವನು, ಪ್ರವೃತ್ತಿಯಲ್ಲಿ ಸರ್ಕಾರದ ಪಕ್ಷದ ಜಿಲ್ಲಾ ಯಜಮಾನ. ಅವರ ಹುರಿಯಾಳು ಡೆಕ್ಲನ್ ಮುಲ್ರೆನ್ನನ್, ಫುಟ್‌ಬಾಲ್ ಆಡಿ ಹೆಸರು ಮಾಡಿದ, ಒಳ್ಳೆಯ ಹಲ್ಲಿನ, ಯಾವ ಪ್ರಶ್ನೆಗೂ ಉತ್ತರ ಕೊಡದ ಹುಡುಗ. ನಾಲ್ವರು ಗೆದ್ದು ಹೋಗುವ ಈ ಕ್ಷೇತ್ರದಲ್ಲಿ ಮೂರು ಸ್ಥಾನ ಕ್ಷೇತ್ರದ ದಕ್ಷಿಣ ಭಾಗದವರ ಪಾಲಿಗೆ ಹೋಗುವುದು ಖಂಡಿತ. ಉಳಿದ ಒಂದಕ್ಕೆ ಬ್ರೀಜ್ ಮತ್ತು ಡೆಕ್ಲನ್. ಇದು ಗೇಬ್ರಿಯಲ್‌ಗೆ ಗೊತ್ತಿತ್ತು, ಬ್ರೀಜ್‌ಗೆ ಗೊತ್ತಿತ್ತು. ಜನರಿಗೆ ಮಾತ್ರ ಗೇಬ್ರಿಯಲ್ ಬೇರೆ ಲೆಕ್ಕ ಹೇಳಿದ: ಬ್ರೀಜ್ ಗೆದ್ದಾಯಿತು, ಇನ್ನೂ ಒಂದು ಸ್ಥಾನ ಇದೆ, ಡೆಕ್ಲನ್‌ನ ಕೈ ಹಿಡಿಯದಿದ್ದರೆ ಅದೂ ದಕ್ಷಿಣದವರಿಗೆ ಹೋಗುತ್ತದೆ.

ಬೈದಿದ್ದರೆ ಬ್ರೀಜ್ ತಿರುಗಿ ಬೈಯುತ್ತಿದ್ದಳು. ಸುಳ್ಳು ಆಪಾದನೆ ಹೊರಿಸಿದ್ದರೆ ಕೋರ್ಟಿಗೆ ಎಳೆಯುತ್ತಿದ್ದಳು. ಇವನು ಹೊಗಳಿದ. ಹೊಗಳಿ ಹೊನ್ನಶೂಲಕ್ಕೇರಿಸುವುದೆಂದರೆ ಇದೇ. ಬೆಲ್ಲದಲ್ಲಿ ಸಾಯುವವಳಿಗೆ ವಿಷ ಯಾಕೆ ಎಂದುಕೊಂಡಿರಬೇಕು ಆ ಖದೀಮ.

ಭಾನುವಾರ ಪೂಜೆ ಮುಗಿಸಿ ಜನ ಹೊರಗೆ ಬರುವಾಗ ಚರ್ಚಿನ ಗೇಟಿನಲ್ಲಿ ಅವನು ನಿಂತಿದ್ದ. ಬ್ರೀಜ್ ನೆಟ್ಟಗೆ ಅವನೆದುರಿಗೇ ಹೋಗಿ ನಿಂತಳು.

"ಏನ್ ಗೇಬ್ರಿಯಲ್, ನನ್ ಪರ ಪ್ರಚಾರ ಶುರು ಮಾಡಿದೀಯಂತೆ?"

"ಸತ್ಯ ಹೇಳೋಕೆ ಪಕ್ಷ ಅಡ್ಡ ಬರಲ್ಲ ಬ್ರೀಜ್. ನಿನ್ನಂಥೋಳು ಈ ಜಿಲ್ಲೇಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟಲ್ಲ."

"ಹಾಗಾದ್ರೆ ನಿನ್ನ ಒಂದನೇ ನಂಬರು ನಂಗೇ ಹಾಕು."

ಸುತ್ತ ನಿಂತವರು ನಕ್ಕರು. ಗೇಬ್ರಿಯಲ್ ಹ್ಯಾಟು ತೆಗೆದು ಎದೆಗೆ ಒತ್ತಿಕೊಂಡ. "ತುಂಬಿದ ಕೊಡಕ್ಕೆ ನೀರು ಹಾಕೋದಾ ಮಾರಾಯ್ತಿ? ಬೇರೆಯವ್ರೂ ಬದುಕ್ಲಿ ಬಿಡು. ನೀನು ಹೇಗೂ ಡಬ್ಲಿನ್‌ಗೆ ಹೋಗೋಳು, ಜೊತೆಗೆ ನಮ್ಮ ಹುಡುಗ್ನೂ ಬರ್ಲಿ. ಊರಿಗೆ ಇಬ್ಬರು!"

"ಇಬ್ಬರಲ್ಲ. ಅವನು ಹೋಗ್ತಾನೆ, ನಾನು ಮನೇಲಿರ್ತೀನಿ, ಆಸ್ಪತ್ರೆ ಬಾಗಿಲಿಗೆ ಬೀಗ ಬೀಳತ್ತೆ. ಎಲ್ಲಾ ಗೊತ್ತಿದ್ದೇ ಹೇಳ್ತಾ ಇದೀಯ ನೀನು."

"ನೋಡ್ರಪ್ಪ, ಇಷ್ಟು ವಿನಯ ಎಲ್ಲಾದ್ರೂ ಉಂಟಾ?" ಅಂದ ಗೇಬ್ರಿಯಲ್, ಜನರ ಕಡೆ ತಿರುಗಿ. ಜನ ಇನ್ನೂ ಜೋರಾಗಿ ನಕ್ಕರು. ಒಬ್ಬ ಅವಳ ಬೆನ್ನು ತಟ್ಟಿ, "ಹೋಗೇ, ನೀನು ಮುಳುಗೋ ಹಡಗಾ?" ಎಂದ. ಬ್ರೀಜ್‌ಳ ಕಿವಿ ಕಾದು ಕೆಂಪಾಯಿತು. ತನ್ನ ಜನರೇ ತನ್ನ ಮೇಲಿನ ಪ್ರೀತಿಯಿಂದ ನಗುತ್ತಿದ್ದಾರೆ.

ಮಾರನೆಯ ದಿನ ಪ್ಯಾಟ್ ಜೋ ಬೇಡವೆಂದರೂ ಕೇಳದೆ ಸ್ಥಳೀಯ ರೇಡಿಯೋಗೆ ಹೋಗಿ ಕೂತಳು. "ನಾನು ತೊಂದರೇಲಿದೀನಿ. ನಿಮ್ಮ ಒಂದನೇ ನಂಬರು ಸಿಗದಿದ್ರೆ ಸೋಲ್ತೀನಿ," ಎಂದು ಬಿಡಿಸಿ ಹೇಳಿದಳು. ರೇಡಿಯೋದವನು ಮೈಕಿನ ಮುಂದೆಯೇ ಕಿಸಕ್ಕನೆ ನಕ್ಕ. "ನಿನ್ನೆ ಇದೇ ಕುರ್ಚೀಲಿ ಡೆಕ್ಲನ್ ಅತ್ತ. ಮೊನ್ನೆ ದಕ್ಷಿಣದವರಿಬ್ಬರು ಅತ್ರು. ಇವತ್ತು ನೀವು. ಒಂದು ಟವಲ್ ತರಿಸ್ಲಾ?"

ಅವನದೂ ತಪ್ಪಿಲ್ಲ. ನಮ್ಮಲ್ಲಿ ಎಲ್ಲ ಹುರಿಯಾಳುಗಳೂ ಕೊನೆಯ ವಾರ ಅಳುತ್ತಾರೆ. ಗೆಲ್ಲುವವನು ಇನ್ನೂ ಜೋರಾಗಿ ಅಳುತ್ತಾನೆ. ಬ್ರೀಜ್ ಕೂಡ ಹಿಂದಿನ ಚುನಾವಣೆಯಲ್ಲಿ ಸುಖವಾಗಿ ಗೆಲ್ಲುವ ಹೊತ್ತಿಗೆ ಇದೇ ರೇಡಿಯೋದಲ್ಲಿ ಮೂಗೊರೆಸಿಕೊಂಡವಳೇ. ನಿಜವಾದ ತೋಳ ಬಂದಾಗ ಕೂಗಿದರೆ ಯಾರು ಕೇಳುತ್ತಾರೆ?

"ಹೇಳಿದ್ನಲ್ಲ," ಎಂದು ಗೊಣಗಿದ ಪ್ಯಾಟ್ ಜೋ, ಕಾರು ತಿರುಗಿಸುತ್ತಾ. "ಸೋಲ್ತೀನಿ ಅಂತ ಹೇಳೋರಿಗೆ ಯಾರೂ ಹಾಕಲ್ಲ. ನೀನು ಸುಮ್ನೆ ಹೆದರ್ಕೊಂಡಿದೀಯ. ನಿನ್ನ ಬಿಟ್ಟು ಯಾರಿಗ್ ಹಾಕ್ತಾರೆ ಇವ್ರು?"

"ಅದೇ ಮಾತು ಎಲ್ಲರ ಬಾಯಲ್ಲೂ ಇರೋದಕ್ಕೇ ನಂಗೆ ಹೆದರಿಕೆ."

ಅವಳು ಮನೆಮನೆ ಹತ್ತಿದಳು. ಒಂದೊಂದು ಬಾಗಿಲಲ್ಲೂ ನಗು, ಅಪ್ಪುಗೆ, ಚಹಾ. ಬಾಗಿಲು ಹಾಕಿಕೊಂಡ ಮನೆ ಒಂದೂ ಇಲ್ಲ. ಲಿಸ್ನಗ್ರೀ ಅವಳು ಹುಟ್ಟಿದ ಊರು. ಅಲ್ಲಿ ನೋರಾ ಟ್ಯಾನ್ಸಿ ಎಂಬ ಮುದುಕಿಯ ಮನೆಗೆ ಪ್ಯಾಟ್ ಜೋ ಕೂಡ ಅವಳ ಜೊತೆ ಒಳಗೆ ಬಂದ. ನೋರಾಳ ಕಣ್ಣಿನ ಪೊರೆ ತೆಗೆಸಲು ಬ್ರೀಜ್ ಒಂದು ವರ್ಷ ಡಬ್ಲಿನ್ನಿನವರ ಜೊತೆ ಗುದ್ದಾಡಿದ್ದಳು. ಮುದುಕಿ ಸೇಬಿನ ಕಡುಬು ಕೊಯ್ದು ತಟ್ಟೆಗೆ ಹಾಕಿ, ಮೇಲೆ ಕೆನೆ ಸುರಿದಳು.

"ನಿಂಗೆ ಎರಡು ಕಣೇ, ಭದ್ರವಾಗಿ ಎರಡು. ಕಾಗದದ ಮೇಲೆ ದಪ್ಪಕ್ಕೆ ಬರೀತೀನಿ."

"ಎರಡು ಬೇಡ ನೋರಾ, ಒಂದು ಬೇಕು."

"ಅಯ್ಯೋ, ಆಸೆಗೂ ಒಂದು ಮಿತಿ ಬೇಡ್ವೇನೇ!"

ಬ್ರೀಜ್ ತಟ್ಟೆ ಪಕ್ಕಕ್ಕೆ ಸರಿಸಿದಳು. "ಸರಿಯಾಗಿ ಕೇಳಿ. ನಿಮ್ಮ ಕಾಗದದಲ್ಲಿ ಡೆಕ್ಲನ್ ಒಂದು, ನಾನು ಎರಡು. ಆ ಕಾಗದ ಹೋಗೋದು ಅವನ ಕಟ್ಟಿಗೆ. ಅವನು ಸೋತು ಹೊರಗೆ ಬಿದ್ರೆ ಮಾತ್ರ ಅದನ್ನ ತೆಗೆದು ಎರಡನೇದು ಯಾರಿಗಿದೆ ಅಂತ ನೋಡ್ತಾರೆ. ಅವನು ನಿಂತಿರೋ ತನಕ ನೋಡೋದೇ ಇಲ್ಲ. ನಾನು ಅವನಿಗಿಂತ ಮುಂಚೆ ಬಿದ್ರೆ ನೀವು ದಪ್ಪಕ್ಕೆ ಬರೆದಿದ್ದು ಯಾವನ ಕಣ್ಣಿಗೂ ಬೀಳಲ್ಲ."

"ನೀನ್ಯಾಕೆ ಬೀಳ್ತೀಯ?"

"ಎಲ್ಲರೂ ನಿಮ್ಮ ಹಾಗೇ ಎರಡು ಕೊಟ್ರೆ ಬೀಳದೆ ಏನು ಮಾಡ್ಲಿ?"

ನೋರಾಳ ಮುಖ ಗಂಟಾಯಿತು. "ನೀನು ತೊಟ್ಲಲ್ಲಿ ಇದ್ದಾಗಿಂದ ನಾನು ಮತ ಹಾಕ್ತಾ ಇದೀನಿ. ನಂಗೆ ಹೇಳ್ಕೊಡೋಕೆ ಬಂದ್ಯಾ? ಒಂದು ಯಾರಿಗೆ ಕೊಡ್ಬೇಕು, ಎರಡು ಯಾರಿಗೆ ಕೊಡ್ಬೇಕು ಅಂತ ಈ ಜಿಲ್ಲೇಲಿ ಹಸುಗೂಸಿಗೂ ಗೊತ್ತು. ತಿನ್ನು, ಆರಿಹೋಗತ್ತೆ."

ಇದೇ ನಮ್ಮವರ ರೋಗ. ಮತ ಹಾಕುವುದು ಅವರಿಗೆ ಇಸ್ಪೀಟಿನ ಆಟ. ಇಷ್ಟವಾದವರಿಗೆ ಹಾಕಿ ಸುಮ್ಮನಾಗುವುದು ದಡ್ಡರ ಕೆಲಸ, ಬಲ್ಲವರು ಹಂಚಿ ಹಾಕುತ್ತಾರೆ, ಒಂದು ಕಾಗದದಲ್ಲಿ ಇಬ್ಬರನ್ನು ಗೆಲ್ಲಿಸುತ್ತಾರೆ, ಮೂರನೆಯವನನ್ನು ಕೆಡವುತ್ತಾರೆ, ಆಮೇಲೆ ಪಬ್ಬಿನಲ್ಲಿ ಕೂತು ಮೀಸೆ ತಿರುವುತ್ತಾರೆ. ಊರಿಗೆ ಊರೇ ಜಾಣರಾದರೆ ದಡ್ಡರ ಕೆಲಸ ಯಾರು ಮಾಡಬೇಕು? ಬ್ರೀಜ್‌ಗೆ ಬೇಕಾಗಿದ್ದದ್ದು ದಡ್ಡರು. ಅಂಥವರು ಲಿಸ್ನಗ್ರೀಯಲ್ಲಿ ಸಿಗಲಿಲ್ಲ.

ಎಣಿಕೆ ನಡೆದದ್ದು ಕಿಲ್‌ಡ್ರಿನ್‌ನ ಆಟದ ಸಭಾಂಗಣದಲ್ಲಿ. ಎಣಿಸುವವರು ಉದ್ದ ಮೇಜುಗಳ ಆಚೆ, ಜನ ಕಬ್ಬಿಣದ ಕಟಕಟೆಯ ಈಚೆ. ಒಂದೊಂದು ಪೆಟ್ಟಿಗೆ ಮಗುಚಿ ಕಾಗದಗಳನ್ನು ಮುಖ ಮೇಲೆ ಮಾಡಿ ಬಿಡಿಸುವಾಗ, ಎಲ್ಲ ಪಕ್ಷದವರೂ ಕಟಕಟೆಯ ಮೇಲೆ ಹೊಟ್ಟೆ ಒತ್ತಿ ಬಗ್ಗಿ ನೋಡುತ್ತಾರೆ. ಯಾವ ಪೆಟ್ಟಿಗೆ ಯಾವ ಶಾಲೆಯದೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಯಾವ ಊರು ಯಾರಿಗೆ ಕೈ ಕೊಟ್ಟಿತೆಂದು ಅಧಿಕಾರಿ ಬಾಯಿ ತೆರೆಯುವ ಮೊದಲೇ ಬಯಲಾಗುತ್ತದೆ.

ಪ್ಯಾಟ್ ಜೋ ಪೆನ್ಸಿಲು ಹಿಡಿದು ಮತಕ್ಕೊಂದು ಗೀಟು ಹಾಕುತ್ತಿದ್ದ. ಪೇಟೆಯ ಪೆಟ್ಟಿಗೆಗಳಲ್ಲಿ ಬ್ರೀಜ್‌ಗೆ ಸಾಕಷ್ಟು ಬಿದ್ದಿತ್ತು. ಕರಾವಳಿಯದರಲ್ಲೂ ಅಷ್ಟೇ. ಆಮೇಲೆ ಲಿಸ್ನಗ್ರೀ ಶಾಲೆಯ ಪೆಟ್ಟಿಗೆ ಮಗುಚಿದರು.

ಡೆಕ್ಲನ್ ಒಂದು, ಬ್ರೀಜ್ ಎರಡು. ಮುಂದಿನದು: ಡೆಕ್ಲನ್ ಒಂದು, ಬ್ರೀಜ್ ಎರಡು. ಎಣಿಸುವ ಹುಡುಗಿ ಕಾಗದ ತಿರುವುತ್ತಲೇ ಇದ್ದಳು, ಮತ್ತೆ ಮತ್ತೆ ಅದೇ. ಒಂದು ಕಾಗದದಲ್ಲಂತೂ ಆ ಎರಡನ್ನು ಎಷ್ಟು ದಪ್ಪಗೆ ತಿದ್ದಿದ್ದರೆಂದರೆ ಪೆನ್ಸಿಲಿನ ಮೊನೆ ಕಾಗದವನ್ನು ಹರಿದಿತ್ತು. ಬ್ರೀಜ್ ಕಟಕಟೆಯನ್ನು ಬಿಗಿಯಾಗಿ ಹಿಡಿದಳು. ತನ್ನ ಹೆಸರಿಲ್ಲದ ಕಾಗದ ಒಂದೂ ಇಲ್ಲ! ಊರಿಗೆ ಊರೇ ಅವಳನ್ನು ನೆನೆಸಿಕೊಂಡಿದೆ, ಒಬ್ಬರೂ ಮರೆತಿಲ್ಲ, ಮತ್ತು ಎಲ್ಲರೂ ಸೇರಿ ಅವಳ ಕತ್ತು ಕೊಯ್ದಿದ್ದಾರೆ. ಹುಡುಗಿ ಆ ಕಾಗದಗಳನ್ನೆಲ್ಲ ತಟ್ಟಿ ಸರಿಮಾಡಿ, ರಬ್ಬರ್ ಬ್ಯಾಂಡು ಹಾಕಿ, ಡೆಕ್ಲನ್‌ನ ಕಟ್ಟಿನ ಮೇಲೆ ಇಟ್ಟಳು.

ಪ್ಯಾಟ್ ಜೋ ಗೀಟು ಹಾಕುವುದು ನಿಲ್ಲಿಸಿದ್ದ.

"ಬರಿ," ಅಂದಳು ಬ್ರೀಜ್. "ಯಾಕೆ ನಿಲ್ಸಿದೆ?"

ಅವನು ಪೆನ್ಸಿಲನ್ನು ಕಿಸೆಗೆ ಹಾಕಿಕೊಂಡ, ಮತ್ತೆ ತೆಗೆದ. ಅವಳ ಮುಖ ನೋಡಲಿಲ್ಲ. "ಬ್ರೀಜ್... ನಾನೂನೂ."

"ನೀನೂ ಏನು?"

"ಡೆಕ್ಲನ್ ತಾಯಿ ನಮ್ಮಪ್ಪನ ಕಡೆಯೋಳು. ಮನೆಗೆ ಬಂದು ಕೇಳಿದ್ಲು. ನೀನು ಹೇಗೂ ಗೆಲ್ತೀಯ, ಒಂದು ಕಾಗದದಿಂದ ಏನಾಗತ್ತೆ ಅಂತ..."

ಬ್ರೀಜ್‌ಗೆ ಕ್ಷಣಕಾಲ ಅವನು ಹೇಳುತ್ತಿರುವುದು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅವಳು ಅವನ ಕೋಟಿನ ಎದೆಪಟ್ಟಿ ಹಿಡಿದಳು, ಹಿಡಿದು ಜಗ್ಗಿದಳು. ಪಕ್ಕದವರು ತಿರುಗಿ ನೋಡಿದರು.

"ನನ್ ಕಾರಲ್ಲಿ ಕೂತು, ನನ್ ಪಟ ಗೋಡೆಗೆ ಅಂಟ್ಸಿ, ಆ ಮುದುಕಿಗೆ ನಾನು ಬಾಯಿ ಬಡ್ಕೊಳ್ಳೋವಾಗ ಪಕ್ಕದಲ್ಲೇ ನಿಂತ್ಕೊಂಡು! ಯಾವ ಬಾಗಿಲಿಂದ ನಿನ್ನ ಒಳಗೆ ತಗೊಂಡ್ರೋ ಅವತ್ತು? ಯಾವ ಬಾಗಿಲು ಅದು? ಹೇಳು!"

"ಬೈಯಿ," ಅಂದ ಅವನು. "ಬೈಯಿ ಬ್ರೀಜ್. ನಿನ್ನ ಮೇಲೆ ಅಷ್ಟು ನಂಬಿಕೆ ಇತ್ತು ನಂಗೆ."

"ನಿನ್ನ ನಂಬಿಕೆಗಿಷ್ಟು!" ಎಂದು ಅವಳು ಕೈ ಬಿಟ್ಟಳು. ಅವನ ಕೋಟಿನ ಗುಂಡಿ ಒಂದು ಅವಳ ಅಂಗೈಯಲ್ಲೇ ಉಳಿದಿತ್ತು. ಅದನ್ನು ನೆಲಕ್ಕೆ ಎಸೆದಳು.

ಎರಡನೆಯ ದಿನ ಮಧ್ಯಾಹ್ನ ಎಲ್ಲ ಮುಗಿಯಿತು. ಒಬ್ಬೊಬ್ಬರಾಗಿ ಸಣ್ಣಪುಟ್ಟವರು ಬಿದ್ದರು, ಅವರ ಕಾಗದಗಳು ಉಳಿದವರಿಗೆ ಹಂಚಿಹೋದವು. ಕೊನೆಗೆ ಒಂದು ಸ್ಥಾನ, ಇಬ್ಬರು. ಒಂದು ಸಣ್ಣ ಹಳ್ಳಿಯ ಮತದಷ್ಟು ಅಂತರದಲ್ಲಿ ಬ್ರೀಜ್ ಹಿಂದೆ ಬಿದ್ದಳು. ಆ ಸಣ್ಣ ಹಳ್ಳಿ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಡೆಕ್ಲನ್‌ನ ಕಟ್ಟಿನೊಳಗೆ ಅವಳ ಎರಡನೆಯ ನಂಬರುಗಳು ರಾಶಿ ರಾಶಿ ಇದ್ದವು. ರಬ್ಬರ್ ಬ್ಯಾಂಡು ಬಿಚ್ಚುವ ಅಗತ್ಯವೇ ಬೀಳಲಿಲ್ಲ.

ಹುಡುಗರು ಡೆಕ್ಲನ್‌ನನ್ನು ಹೆಗಲ ಮೇಲೆ ಎತ್ತಿ ಕುಣಿಸಿದರು. ಇಳಿದ ಮೇಲೆ ರೇಡಿಯೋದವನು ಮೈಕು ಹಿಡಿದು ಕೇಳಿದ, "ಆಸ್ಪತ್ರೆ ತುರ್ತು ಬಾಗಿಲ ವಿಷಯ ಏನು ಮಾಡ್ತೀರಿ?"

ಡೆಕ್ಲನ್ ಒಳ್ಳೆಯ ಹಲ್ಲುಗಳನ್ನೆಲ್ಲ ತೋರಿಸಿದ. "ರೋಗಿಗಳ ಸುರಕ್ಷತೆಯೇ ನಮಗೆ ಮುಖ್ಯ. ತಜ್ಞರು ಏನು ಹೇಳ್ತಾರೋ ಅದನ್ನ ಗೌರವಿಸ್ತೀವಿ."

ಧ್ವನಿವರ್ಧಕದಲ್ಲಿ ಆ ಮಾತು ಸಭಾಂಗಣದ ತುಂಬ ಕೇಳಿಸಿತು. ತಜ್ಞರು ಏನು ಹೇಳುತ್ತಾರೆಂದು ಹೆರಿಗೆ ವಾರ್ಡು ಮುಚ್ಚಿದ ಊರಿನವರಿಗೆ ಗೊತ್ತಿಲ್ಲವೇ? ಕುಣಿಯುತ್ತಿದ್ದ ಕಾಲುಗಳು ನಿಂತವು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಹೇಳಿಕೊಟ್ಟ ಹಾಗೆ, ಎಲ್ಲರೂ ಬ್ರೀಜ್ ಕಡೆ ತಿರುಗಿದರು.

ಸೋತವರು ವೇದಿಕೆ ಹತ್ತಿ ನಾಲ್ಕು ಮಾತಾಡುವುದು ನಮ್ಮಲ್ಲಿ ಪದ್ಧತಿ. ಎಣಿಸಿದವರಿಗೆ, ಪೊಲೀಸರಿಗೆ, ಎದುರಾಳಿಗೆ, ಮನೆಯವರಿಗೆ ವಂದನೆ ಹೇಳಬೇಕು. ಜನರ ತೀರ್ಪಿಗೆ ತಲೆಬಾಗುತ್ತೇನೆ ಎನ್ನಬೇಕು. ಗಂಟಲು ಸ್ವಲ್ಪ ಕಟ್ಟಿದರೆ ಒಳ್ಳೆಯದು. ಬ್ರೀಜ್ ಮೈಕಿನ ಕತ್ತು ಹಿಡಿದಳು.

"ನಾನು ಯಾರಿಗೂ ಥ್ಯಾಂಕ್ಸ್ ಹೇಳಲ್ಲ," ಎಂದು ಶುರು ಮಾಡಿದಳು. "ಹದಿನಾಲ್ಕು ವರ್ಷ ನಿಮ್ಮ ಹೆಣ ಹೊತ್ತಿದೀನಿ. ನಿಮ್ಮ ಸೊಂಟ, ನಿಮ್ಮ ಕಣ್ಣು, ನಿಮ್ಮ ರಸ್ತೆ, ಎಲ್ಲದಕ್ಕೂ ಡಬ್ಲಿನ್ನಲ್ಲಿ ಬೈಸ್ಕೊಂಡಿದೀನಿ. ಒಂದು ಸಲ, ಒಂದೇ ಸಲ ನಿಮ್ಮನ್ನ ನಿಜ ಹೇಳಿ ಕೇಳಿದೆ. ನಕ್ರಿ. ಗೇಬ್ರಿಯಲ್ ನೀಲನ್ ನನ್ನ ಹೊಗಳ್ತಾ ನಿಮಗೆ ಮಂಕುಬೂದಿ ಎರಚಿದ, ಅವನ ಕಸುಬು ಅದು, ಅವನು ನಿಮ್ಮ ಹೊಲಾನೂ ಹೀಗೇ ಹೊಗಳಿ ಮಾರ್ತಾನೆ. ನಿಮಗೇನಾಗಿತ್ತು? ನಂಗೆ ಎರಡು ಕೊಟ್ಟಿದೀರಿ, ಎಲ್ಲರೂ ಕೊಟ್ಟಿದೀರಿ, ನಾನೇ ಕಣ್ಣಾರೆ ನೋಡಿದೆ. ಎದೆ ಹಿಡ್ಕೊಂಡು ಬಿದ್ದಾಗ ಗಾಲ್ವೇ ದಾರೀಲಿ ಸಾವಿಗೂ ಹೇಳಿ: ಇವತ್ತು ಡೆಕ್ಲನ್‌ಗೆ ಒಂದು, ನಿಂಗೆ ಎರಡು, ಸ್ವಲ್ಪ ಕಾಯಿ ಅಂತ. ಕಾಯತ್ತಾ ನೋಡೋಣ!"

ಗೇಬ್ರಿಯಲ್ ಮೂಲೆಯಲ್ಲಿ ಹ್ಯಾಟಿನ ಅಂಚು ಸವರುತ್ತಾ ನೆಲ ನೋಡುತ್ತಿದ್ದ. ಪ್ಯಾಟ್ ಜೋ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದ. ಈಗಲಾದರೂ ತಾಗಿತು ಎಂದುಕೊಂಡಳು ಬ್ರೀಜ್. ತಾಗಲಿ, ಉರಿಯಲಿ, ಒಂದು ವಾರ ನಿದ್ದೆ ಬಾರದಿರಲಿ ಇವರಿಗೆ.

ಆಗ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಸೇರಿದರು. ನೋಡನೋಡುತ್ತಿದ್ದ ಹಾಗೆ ಇಡೀ ಸಭಾಂಗಣದ ತುಂಬ ಚಪ್ಪಾಳೆ, ಸಿಳ್ಳೆ. ಡೆಕ್ಲನ್‌ನ ಹುಡುಗರೂ ತಟ್ಟಿದರು. "ಭಲೇ ಬ್ರೀಜ್! ಇದಪ್ಪಾ ಮಾತು!" ಎಂದು ಒಬ್ಬ ಕೂಗಿದ.

"ಚಪ್ಪಾಳೆ ಹೊಡೀಬೇಡಿ!" ಎಂದು ಕಿರುಚಿದಳು ಬ್ರೀಜ್. "ನಿಮಗೇ ಬೈತಿರೋದು ನಾನು!"

ಅವರು ಇನ್ನೂ ಜೋರಾಗಿ ಹೊಡೆದರು.

ಅವಳು ವೇದಿಕೆ ಇಳಿದಳು. ದಾರಿಯುದ್ದಕ್ಕೂ ಕೈಗಳು ಚಾಚಿದವು. ಯಾವುದನ್ನೂ ಹಿಡಿಯದೆ ಬಾಗಿಲ ಕಡೆ ನಡೆದಳು. ಬಾಗಿಲ ಹತ್ತಿರ ನೋರಾ ಟ್ಯಾನ್ಸಿ ಒಳ್ಳೆಯ ಕೋಟು ತೊಟ್ಟು, ಕೈಚೀಲ ಅವಚಿಕೊಂಡು ನಿಂತಿದ್ದಳು. ಬ್ರೀಜ್‌ಳ ತೋಳು ಹಿಡಿದು ನಿಲ್ಲಿಸಿದಳು. ಮುದುಕಿಯ ಕಣ್ಣಲ್ಲಿ ನೀರಿತ್ತು.

"ಬಾಗಿಲು ಮುಚ್ಬಿಡ್ತಾರೇನೇ ಹಾಗಾದ್ರೆ?"

"ಮುಚ್ತಾರೆ ನೋರಾ."

"ನೀನು ಬಿಡಲ್ಲ, ನಂಗೊತ್ತು." ನೋರಾ ಮೂಗೊರೆಸಿಕೊಂಡಳು. "ಈ ಸಲ ಏನೋ ಎಡವಟ್ಟಾಯ್ತು. ಇಷ್ಟು ಚೆನ್ನಾಗಿ ಮಾತಾಡಿದೀಯ, ಮುಂದಿನ ಸಲ ನಿಂಗೆ ಚಿಂತೇನೇ ಇಲ್ಲ. ನೀನು ಗೆದ್ದೇ ಗೆಲ್ತೀಯ."

ಬ್ರೀಜ್‌ಗೆ ಆ ಮುದುಕಿಯ ಹೆಗಲು ಹಿಡಿದು ಹಲ್ಲು ಉದುರುವ ಹಾಗೆ ಅಲುಗಾಡಿಸಬೇಕು ಅನಿಸಿತು. ಕೈ ಮೇಲೆದ್ದಿತು ಕೂಡ. ಹೊರಗೆ ಆಲಿಕಲ್ಲು ಮತ್ತೆ ಶುರುವಾಗಿತ್ತು. ನೋರಾಳ ಕಾಲಿಗೆ ತೆಳುವಾದ ಬೂಟು.

"ಮನೆಗೆ ಹೋಗೋಕೆ ಗಾಡಿ ಇದೆಯಾ ನಿಮಗೆ?" ಎಂದು ಕೇಳಿದಳು ಬ್ರೀಜ್.

"ಇಲ್ಲ ಕಣೇ," ಅಂದಳು ನೋರಾ. "ನೀನಿದೀಯಲ್ಲ ಅಂತ ಯಾರನ್ನೂ ಕೇಳ್ಲಿಲ್ಲ."